ಸಾಸಿವೆ ಡಬ್ಬಿಯೊಳಗಿನ ಲಾಳಿ

ಲಾಳಿಯನ್ನು ಕೂಸು ಎಸೆಯಲಿಲ್ಲ, ಪದ್ಮಕ್ಕಾ. ನಾನು ತೆಗೆದಿಟ್ಟೆ.

ಈ ಎರಡು ವಾಕ್ಯ ಬರೆಯಲು ನನಗೆ ಹದಿನಾಲ್ಕು ವರ್ಷ ಬೇಕಾಯಿತು. ಬರೆದ ಮೇಲೆ ಪೆನ್ನು ಕೆಳಗಿಟ್ಟು, ಒಲೆಯ ಮೇಲೆ ಏನೂ ಇಲ್ಲದಿದ್ದರೂ ಗ್ಯಾಸು ಆರಿಸಿದ್ದೇನೆಯೇ ಎಂದು ನೋಡಿ ಬಂದೆ. ನೀನು ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದೆ, ಕಣ್ಣನ್ನು ಬಿಟ್ಟು ಬೆರಳನ್ನು ನಂಬಿ. ಸಕ್ಕರೆ ಕಾಯಿಲೆ ನಿನ್ನ ಕಣ್ಣಿಗೆ ಇಳಿದ ಮೇಲೆ ಅಕ್ಷರ ನಿನಗೆ ಕೂಡುವುದಿಲ್ಲ. ಹಾಗಾಗಿ ಇದನ್ನು ನಿನಗೆ ಓದಿ ಹೇಳಬೇಕಾದವಳೂ ನಾನೇ. ಬಾಯಲ್ಲೇ ಹೇಳಬಹುದಿತ್ತಲ್ಲ ಎಂದು ನೀನು ಕೇಳುತ್ತೀ. ಬಾಯಿಗೆ ಬಿಟ್ಟರೆ ನಾನು ನೆವ ಹೇಳುತ್ತೇನೆ, ನಡುವೆ ಅಳುತ್ತೇನೆ, ನೀನು ನನ್ನನ್ನೇ ಸಮಾಧಾನ ಮಾಡಲು ಬರುತ್ತೀ — ಅದು ಆಗಬಾರದು.

ಆ ದಿನದ ಬೆಳಗು ಉಳಿದ ದಿನಗಳ ಹಾಗೇ ಇತ್ತು. ಮೇ ತಿಂಗಳು, ಮಂಗಳವಾರ. ನೀನು ಎಂದಿನಂತೆ ನನಗಿಂತ ಮೊದಲೆದ್ದು ಕೊಡದ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ನೀರು ಸೋಸಿದ್ದೆ. ಒಲೆಗೆ ಬೆಂಕಿ ಮಾಡಿದ್ದೆ. ನಾನು ಅಡುಗೆಮನೆಗೆ ಬರುವ ಹೊತ್ತಿಗೆ ನನ್ನ ಶ್ರದ್ಧಾಳನ್ನು ಮೊಣಕಾಲ ನಡುವೆ ಕೂರಿಸಿಕೊಂಡು ತಲೆ ಬಾಚುತ್ತಿದ್ದೆ. ಅವಳಿಗೆ ಆಗ ಮೂರು ವರ್ಷ. ನಾನು ಎರಡನೆಯ ಬಸುರಿ, ಐದು ತಿಂಗಳು. ನಿನ್ನ ಕಣ್ಣು ಊದಿಕೊಂಡಿದ್ದವು. ಆದರೂ ಕೂಸಿನ ಬೈತಲೆ ದಾರ ಹಿಡಿದಷ್ಟು ನೆಟ್ಟಗೆ ತೆಗೆದಿದ್ದೆ. ಎಣ್ಣೆಯ ಒಂದು ಹನಿ ಅವಳ ಕಿವಿಯ ಹಿಂದೆ ಇಳಿಯುತ್ತಿದ್ದುದನ್ನು ನೀನು ನಿನ್ನ ಸೆರಗಿನಿಂದ ಒರೆಸಿದೆ. ಹಿಂದಿನ ದಿನವಷ್ಟೇ ಅತ್ತೆಯವರು, ನಿನ್ನ ಅವ್ವ, ಅದೇ ಕೂಸಿಗೆ ಎರಡು ಏಟು ಕೊಟ್ಟಿದ್ದರು, ಪದ್ಮಾನ ಲಾಳಿ ಎಲ್ಲಿ ಎಸೆದೆ ಹೇಳು ಎಂದು. ಏಟು ಬೀಳುವಾಗ ನಾನು ಬಾಗಿಲಲ್ಲಿ ನಿಂತಿದ್ದೆ. ತಡೆದವಳು ನೀನು.

"ಸಣ್ಣ ಕೂಸದು, ಬಿಡವ್ವಾ. ಅದಕ್ಕೇನ್ ತಿಳೀತೈತಿ?"

ಹುಕ್ಕೇರಿಯ ವಿಷಯ ಈಗ ಬರೆಯಬೇಕು. ನಿನಗೆ ಗೊತ್ತಿದ್ದದ್ದೇ, ಆದರೂ ನಾನು ಏನನ್ನು ಕಸಿದುಕೊಂಡೆ ಎಂಬುದು ನನ್ನ ಬಾಯಿಂದ ಬರಬೇಕು. ನಿನ್ನ ಗಂಡ ಇನ್ನೊಬ್ಬಳನ್ನು ತಂದುಕೊಂಡ ಮೇಲೆ ನೀನು ಮೂಡಲಗಿಯ ಈ ತವರುಮನೆಗೆ ಬಂದು ಆರು ವರ್ಷವಾಗಿತ್ತು. ಹುಕ್ಕೇರಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲು ನೋಡಿಕೊಳ್ಳುತ್ತಿದ್ದ ನಿನ್ನ ಗೆಳತಿ ಸುಮನ್ ಕಾಗದ ಬರೆದಿದ್ದಳು. ತನ್ನ ಮನೆಯ ಮುಂದಿನ ಕೋಣೆ ಖಾಲಿ ಇದೆ, ಜೂನಿನಲ್ಲಿ ಸಾಲೆ ಶುರುವಾಗುವ ಮೊದಲು ಹುಡುಗಿಯರಿಗೆಲ್ಲ ಯುನಿಫಾರ್ಮು ಹೊಲಿಯಬೇಕು, ಮಷೀನು ತೆಗೆದುಕೊಂಡು ಬಾ, ಸೋಮವಾರದವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು. ಆ ಕಾಗದವನ್ನು ನೀನು ಕುಪ್ಪಸದೊಳಗೆ ಇಟ್ಟುಕೊಂಡು ತಿರುಗುತ್ತಿದ್ದೆ. ಹೊಲಿಗೆ ಅಂಗಡಿಯ ಬೋರ್ಡಿನ ಮೇಲೆ ಏನು ಬರೆಸಲಿ ಎಂದು ನನ್ನನ್ನು ಕೇಳಿದೆ. ಇಂಗ್ಲಿಷಿನಲ್ಲೂ ಒಂದು ಸಾಲು ಬರೆದುಕೊಡು, ನೀ ಕಾನ್ವೆಂಟಿನಾಕಿ ಅಲ್ಲೇನು, ಎಂದು ನಕ್ಕೆ. ನಾನು ಬರೆದುಕೊಟ್ಟೆ.

ಅತ್ತೆಯವರು ಒಪ್ಪಿರಲಿಲ್ಲ. "ಅಣ್ಣ ಕೂಳ ಹಾಕ್ಲಿಲ್ಲಂತ ತಂಗಿ ಅಂಗಡಿ ಹಾಕಿ ಕುಂತ್ಲು ಅಂತಾರ ಮಂದಿ," ಎಂದರು. ನೀನು ಎರಡು ದಿನ ಊಟ ಬಿಟ್ಟ ಮೇಲೆ, "ನಿನ್ನ ಮಷೀನ್ ನಿಂದು, ಒಯ್ಯಿ. ಈ ಮನಿಯಾಗಿಂದ ಇನ್ನೇನೂ ಬೇಡಬ್ಯಾಡ," ಎಂದರು.

ಅದು ನಿನ್ನ ಅಜ್ಜಿಯ ಕಾಲದ ವಿಲಾಯತಿ ಮಷೀನು. ಅದರ ಕೆಳಗಿನ ದಾರ ಈಗಿನ ಮಷೀನುಗಳಂತೆ ದುಂಡನೆಯ ಡಬ್ಬಿಯಲ್ಲಿ ಕೂರುತ್ತಿರಲಿಲ್ಲ. ಸಣ್ಣ ದೋಣಿಯ ಆಕಾರದ ಉಕ್ಕಿನ ಲಾಳಿಯಲ್ಲಿ ಕೂತು ಹಿಂದೆ ಮುಂದೆ ಓಡುತ್ತಿತ್ತು. ಆ ಲಾಳಿ ಇಲ್ಲದಿದ್ದರೆ ಮಷೀನು ಬರೀ ಕಬ್ಬಿಣ. ಕಾನ್ವೆಂಟಿನಲ್ಲಿ ಹೊಲಿಗೆಗೆ ಬಹುಮಾನ ಪಡೆದ ನನಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಅದನ್ನು ಆರಿಸಿದೆ.

ಹುಕ್ಕೇರಿಗೆ ಒಯ್ಯುವ ಮೊದಲು ಎಣ್ಣೆ ಬಿಡಲೆಂದು ನೀನು ಶುಕ್ರವಾರ ಮಷೀನಿನ ಮುಂದೆ ಹಳೆಯ ಟವೆಲ್ಲು ಹಾಸಿ ಒಂದೊಂದೇ ಭಾಗ ಬಿಚ್ಚಿಟ್ಟಿದ್ದೆ. ಅತ್ತೆಯವರು ಹಿತ್ತಲಿನಿಂದ ಕರೆದರು, ನೀನು ಎದ್ದು ಹೋದೆ. ಲಾಳಿ ನನ್ನ ಕಿರುಬೆರಳಿಗಿಂತ ಸ್ವಲ್ಪ ಉದ್ದ. ಎತ್ತಿಕೊಂಡಾಗ ಇನ್ನೂ ನಿನ್ನ ಕೈಯ ಬಿಸಿ ಅದರಲ್ಲಿತ್ತು. ಸಾಸಿವೆ ಡಬ್ಬಿಗೆ ಹಾಕಿ ಮುಚ್ಚಳ ಹಾಕಿದೆ. ಸಾಸಿವೆ ಅದನ್ನು ಎಷ್ಟು ಸದ್ದಿಲ್ಲದೆ ನುಂಗಿತೆಂದರೆ —

ಯಾಕೆ? ಇದನ್ನು ಬರೆಯುವಾಗ ಮೊದಲು, ನಿನ್ನ ಮೇಲಿನ ಪ್ರೀತಿಯಿಂದ ಎಂದು ಬರೆದೆ. ಹೊಡೆದು ಹಾಕಿದೆ. ಬೆಳಗಾವಿಯಿಂದ ಬಂದ ನನಗೆ ರೊಟ್ಟಿ ತಟ್ಟಲು ಕಲಿಸಿದವಳು ನೀನು. ನೀವು ಎಂದು ಕರೆದಾಗ, "ಏ ವೈನಿ, ನೀವು-ಗೀವು ಅನಬ್ಯಾಡ, ನಾ ಏನ್ ಮಾಸ್ತರ ಆಗೇನೇನು?" ಎಂದು ಗದರಿದವಳು ನೀನು. ನೀನಿಲ್ಲದ ಈ ಮನೆಯಲ್ಲಿ, ಅತ್ತೆಯವರ ಮುಂದೆ, ಎರಡು ಕೂಸು ಕಟ್ಟಿಕೊಂಡು ಒಬ್ಬಳೇ — ನನಗೆ ಹೆದರಿಕೆಯಾಯಿತು. ನಿನ್ನ ಕೈ ನನಗೆ ಬೇಕಾಗಿತ್ತು. ಅದೂ ಪೂರ್ತಿ ಖರೆಯಲ್ಲ. ಏಳನೆಯ ಇಯತ್ತೆ ಓದಿದ ನಿನ್ನ ಹೆಸರು ಹುಕ್ಕೇರಿಯ ಬೀದಿಯಲ್ಲಿ ಬೋರ್ಡಿನ ಮೇಲೆ ಬರುತ್ತದೆ, ಆ ಬೋರ್ಡಿಗೆ ಅಕ್ಷರ ಬರೆದುಕೊಟ್ಟ ನನ್ನ ಹೆಸರು ಎಲ್ಲೂ ಬರುವುದಿಲ್ಲ — ಇದೂ ಇತ್ತು. ಇದೇ ಹೆಚ್ಚಿತ್ತೋ ಏನೋ.

ನಾಲ್ಕೇ ದಿನದ ಮಾತು ಎಂದುಕೊಂಡಿದ್ದೆ. ಸೋಮವಾರ ದಾಟಲಿ, ಮಂಗಳವಾರ ಜೋಳದ ಚೀಲದ ಸಂದಿಯಲ್ಲಿ ನನಗೇ ಸಿಕ್ಕಿತು ಎಂದು ತೆಗೆದುಕೊಡುವುದು. ನೀನು ಮನೆಯಲ್ಲೇ ಹೊಲಿಯುತ್ತಿರುತ್ತೀ, ಟವೆಲ್ಲಿನ ಹತ್ತಿರ ಆಡುತ್ತಿದ್ದಳೆಂದು ಕೂಸಿನ ಮೇಲೆ ಬಂದ ಮಾತೂ ಹೋಗುತ್ತದೆ. ಇಷ್ಟೆಲ್ಲ ಲೆಕ್ಕ ಹಾಕಿದವಳು ನಿನ್ನ ಅಣ್ಣನ ಸ್ವಭಾವ ಮರೆತಿದ್ದೆ.

ನನ್ನ ಗಂಡ, ಪಂಪಸೆಟ್ಟು ರಿಪೇರಿ ಮಾಡುವ ನಿನ್ನ ಅಣ್ಣ, ಕೆಟ್ಟು ನಿಂತ ವಸ್ತುವನ್ನು ಕಂಡರೆ ಸುಮ್ಮನಿರುವವರಲ್ಲ. ನಮ್ಮ ಮನೆಯ ಗೋಡೆಯ ಗೂಟಗಳೆಲ್ಲ ಗೋಕಾಕದ ಗುಜರಿಯಿಂದ ತಂದ, ನೂಲಿನ ಗಿರಣಿಯ ಕಟ್ಟಿಗೆ ಬಾಬಿನ್ನುಗಳು. ಅತ್ತೆಯವರು ಅಂಗಳದಲ್ಲಿ ಕೂರುತ್ತಿದ್ದುದು ಟ್ರ್ಯಾಕ್ಟರಿನ ಹಳೆಯ ಸೀಟಿಗೆ ಕಾಲು ಹಚ್ಚಿದ ಕುರ್ಚಿಯ ಮೇಲೆ. ಗ್ಯಾರೇಜಿನಲ್ಲಿ ನಟ್ಟು ಬಿಚ್ಚುವ ಪಾನಾಗಳು ತೂಗುವುದು ಮುರಿದ ಕಪಾಟಿನ ಬಾಗಿಲಿಗೆ, ನನ್ನ ಸೌಟುಗಳು ತೂಗುವುದು ಸೈಕಲ್ ರಿಮ್ಮಿಗೆ. ಅವರ ಈ ಗುಣ ನನಗೆ ಇಷ್ಟವಾಗುತ್ತಿತ್ತು. ಈಗಲೂ ಇಷ್ಟ. ಅವರು ಏನೂ ತಪ್ಪು ಮಾಡಲಿಲ್ಲ.

ಸೋಮವಾರ ಅವರು ಗೋಕಾಕಕ್ಕೆ ಹೋಗಿ ಎರಡು ಅಂಗಡಿ ಕೇಳಿ ಬಂದಿದ್ದರು. ಆ ನಮೂನೆಯ ಲಾಳಿ ಬರುವುದು ನಿಂತು ಎಷ್ಟೋ ವರ್ಷವಾಯಿತಂತೆ. ಅತ್ತೆಯವರಿಗೆ ಅಷ್ಟು ಸಾಕಾಯಿತು. "ಮಷೀನ ತಾನಾಗೇ ಒಲ್ಲೆ ಅಂತು. ಭಗವಂತನ ಮನಸಿನ್ಯಾಗ ಇಲ್ಲ. ಇನ್ನ ಹುಕ್ಕೇರಿ ಹೆಸರ ಎತ್ತಬ್ಯಾಡ್ರಿ," ಎಂದರು. ಹೊಸ ಮಷೀನಿನ ಮಾತು ತೆಗೆಯಲು ನಿನ್ನ ಅಣ್ಣ ಬಾಯಿ ತೆರೆದವರು ಮುಚ್ಚಿಕೊಂಡರು. ಶಕುನವಾದ ಮೇಲೆ ಈ ಮನೆಯಲ್ಲಿ ಮಾತಿಲ್ಲ. ಆ ಶಕುನ ನನ್ನ ಸಾಸಿವೆ ಡಬ್ಬಿಯಲ್ಲಿತ್ತು.

ಮಂಗಳವಾರ ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದೆ. ನೀನು ಕೂಸನ್ನು ಕೆಳಗಿಳಿಸಿ ಪಡಸಾಲೆಗೆ ಹೋದೆ. ಅಲ್ಲಿ ನಿನ್ನ ಧ್ವನಿ ಕೇಳಿಸಿತು.

"ಬಿಚ್ಚಿಬಿಡಣ್ಣಾ ಅದನ್ನ. ಎದುರಿಗಿದ್ರ ಹೊಟ್ಟಿ ಉರೀತೈತಿ. ಏನರ ಮಾಡ್ಕೊ, ನಿನಗರ ಉಪಯೋಗ ಆಗ್ಲಿ."

ಅವರು ಪಾನಾ ಹಿಡಿದೇ ಅಡುಗೆಮನೆಯ ಬಾಗಿಲಿಗೆ ಬಂದರು. ನೀನು ಅವರ ಹಿಂದೆ ನಿಂತಿದ್ದೆ. ಮುಖ ನನಗೆ ಅರ್ಧವೇ ಕಾಣುತ್ತಿತ್ತು.

"ಮತ್ತೊಮ್ಮೆ ಎಲ್ಲಾ ಕಡೆ ನೋಡಿದೇನು? ಬಿಚ್ಚಿದ ಮ್ಯಾಲ ಸಿಕ್ರ ಉಪಯೋಗಿಲ್ಲ ಮತ್ತ."

ಡಬ್ಬಿ ನನ್ನ ಎಡಗೈಗೆ ಒಂದು ಗೇಣು ದೂರದಲ್ಲಿತ್ತು. ನಾನು ಗಡಿಯಾರ ನೋಡಿದೆ, ಪದ್ಮಕ್ಕಾ. ಇದನ್ನೇ ನಾನು ಯಾರಿಗೂ, ನನಗೂ, ಹೇಳಿಕೊಂಡಿಲ್ಲ. ಎಂಟೂ ಇಪ್ಪತ್ತು. ಹುಕ್ಕೇರಿಗೆ ಹೋಗಲು ಹತ್ತು ಗಂಟೆಗೆ ಬಸ್ಸಿತ್ತು. ಸುಮನ್ ನಿನ್ನ ಬಾಲ್ಯದ ಗೆಳತಿ, ಒಂದು ದಿನ ತಡವಾದರೂ ಒಲ್ಲೆ ಎನ್ನುತ್ತಿರಲಿಲ್ಲ. ಈಗ ಲಾಳಿ ಸಿಕ್ಕರೆ ನೀನು ಹೋಗಿಯೇ ಬಿಡುತ್ತಿದ್ದೆ. ಇನ್ನೂ ಹೊತ್ತು ಮೀರಿರಲಿಲ್ಲ — ಮೀರಿರಲಿಲ್ಲ ಎಂದೇ —

"ಎಲ್ಲಾ ಕಡೆ ನೋಡೀನ್ರಿ. ಇಲ್ಲ," ಎಂದೆ.

ಹಂಚಿನ ಮೇಲಿನ ರೊಟ್ಟಿ ಸೀದಿತ್ತು. ನೀನು ಒಳಗೆ ಬಂದು ಅದನ್ನು ತಿರುವಿ ಹಾಕಿದೆ.

ಮಧ್ಯಾಹ್ನದೊಳಗೆ ಮಷೀನು ಇರಲಿಲ್ಲ. ಮೇಲಿನ ಕಬ್ಬಿಣದ ಭಾಗವನ್ನು ಗುಜರಿಯವನಿಗೆ ಕೊಟ್ಟು ಅವರು ಸಾಣೆ ಕಲ್ಲು ತಂದರು. ಕಾಲಿನಿಂದ ತುಳಿಯುವ ಸ್ಟ್ಯಾಂಡಿನ ಮೇಲೆ ಆ ಕಲ್ಲು ಕೂರಿಸಿ, ಮಷೀನಿನ ಚರ್ಮದ ಪಟ್ಟಿಯನ್ನೇ ಅದಕ್ಕೆ ಹಚ್ಚಿದರು. ಮೇಲಿನ ಹಲಗೆ ನನ್ನ ಒಲೆಯ ಪಕ್ಕದ ಗೋಡೆಗೆ ಬಂತು. ಮಷೀನು ಕೂರುತ್ತಿದ್ದ ತೂತಿಗೆ ಅವರು ತಗಡು ಬಡಿದು ಮುಚ್ಚಿದ್ದಾರೆ, ಅದು ಈಗಲೂ ಹಾಗೇ ಇದೆ. ಎರಡು ಡ್ರಾಯರುಗಳಲ್ಲಿ ಒಂದು ಅವರ ನಟ್ಟು-ಬೋಲ್ಟಿಗೆ, ಇನ್ನೊಂದು ನನ್ನ ಮಸಾಲೆ ಡಬ್ಬಿಗಳಿಗೆ. ಸಾಸಿವೆ ಡಬ್ಬಿ ಅದರಲ್ಲೇ ಇದೆ. ಲಾಳಿ ಮರಳಿ ತನ್ನ ಮಷೀನಿನ ಡ್ರಾಯರಿಗೇ ಬಂದು ಕೂತಿತು. ಒಗ್ಗರಣೆ ಹಾಕುವ ಕೆಲಸವನ್ನು ಮಾತ್ರ ನಾನು ನಿನಗೂ ಬಿಟ್ಟುಕೊಡಲಿಲ್ಲ. ಹದಿನಾಲ್ಕು ವರ್ಷ ಒಗ್ಗರಣೆಗೆ ಕೈ ಹಾಕಿದಾಗಲೆಲ್ಲ ಅದು ಬೆರಳಿಗೆ ತಾಗಿದೆ. ಎಸೆಯಬಹುದಿತ್ತು. ಎಸೆಯಲಿಲ್ಲ. ಕೊಡಬಹುದಿತ್ತು. ಕೊಡಲಿಲ್ಲ.

ನೀನು ಇಲ್ಲೇ ಉಳಿದೆ. ನನ್ನ ಎರಡೂ ಕೂಸುಗಳನ್ನು ಎತ್ತಿದೆ. ಅತ್ತೆಯವರ ಕೊನೆಯ ವರ್ಷಗಳ ಹಾಸಿಗೆ ಒಗೆದೆ. ಅವರು ಹೋದ ಮೇಲೆ ನನಗೆ ಹೆದರಲು ಯಾರೂ ಉಳಿದಿರಲಿಲ್ಲ. ಆಗಲೂ ಹೇಳಲಿಲ್ಲ. ಶ್ರದ್ಧಾಳನ್ನು ನೀನು "ಲಾಳಿಕಳ್ಳಿ" ಎಂದು ಮುದ್ದಿನಿಂದ ಕರೆಯುತ್ತಿದ್ದೆ, ಅವಳು ನಗುತ್ತಿದ್ದಳು. ದೊಡ್ಡವಳಾದಂತೆ ನಗುವುದು ಬಿಟ್ಟಳು. ಹತ್ತನೆಯ ಇಯತ್ತೆಯಲ್ಲಿದ್ದಾಗ ಒಮ್ಮೆ ನನ್ನನ್ನು ಕೇಳಿದಳು.

"ಮಮ್ಮಿ, ಅವತ್ತ ನಾ ಅದನ್ನ ಒಗೀಲಿಲ್ಲಂದ್ರ ಪದ್ಮತ್ತಿ ಹುಕ್ಕೇರಿಗೆ ಹೋಗ್ತಿದ್ಲಲ್ಲಾ?"

ನಾನು ಅವಳ ಜಡೆಗೆ ರಿಬ್ಬನ್ನು ಕಟ್ಟುತ್ತಿದ್ದೆ. "ಹಳೇದ್ಯಾಕ ತೆಗೀತಿ," ಎಂದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಕೂಸಿನ ತಲೆಯ ಮೇಲೆ ನನ್ನ ತಪ್ಪನ್ನು ಹೊರಿಸಿ, ಅದರ ಜಡೆಗೆ ಹೂವಿನ ಗಂಟು ಹಾಕಿದೆ.

ಕಳೆದ ವರ್ಷ ಅವಳಿಗಾಗಿ ಮೋಟರಿನ ಹೊಸ ಮಷೀನು ತಂದಾಗ ನೀನು ಅದರ ಮುಂದೆ ಕೂತೆ. ಇಲ್ಲದ ತುಳಿಹಲಗೆಯನ್ನು ನಿನ್ನ ಪಾದ ನೆಲದ ಮೇಲೆ ಹುಡುಕಿತು. ಹೊಲಿಗೆ ಸೊಟ್ಟಗೆ ಹೋಯಿತು. "ಕಾಲಿಗಷ್ಟ ನೆನಪೈತಿ ವೈನಿ, ಕಣ್ಣ ಮರತಾವ," ಎಂದು ಎದ್ದುಬಿಟ್ಟೆ. ಆ ಸೊಟ್ಟ ಹೊಲಿಗೆಯ ತುಂಡು ಬಟ್ಟೆ ನನ್ನ ಬಳಿ ಇದೆ.

ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ಶನಿವಾರ ಪಾಪ ಹೇಳಿಕೊಳ್ಳಲು ಚಾಪೆಲ್ಲಿಗೆ ಹೋಗುತ್ತಿದ್ದರು. ನಾವು ಉಳಿದವರು ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದೆವು. ಎಷ್ಟು ಬೇಗ ಹೊರಬರುತ್ತಿದ್ದರು, ಮುಖ ತೊಳೆದುಕೊಂಡವರ ಹಾಗೆ! ನನಗೆ ಆ ಹಗುರ ಬೇಡ. ನಿನಗೆ ಓದಿ ಮುಗಿಸಿದ ಮೇಲೆ ಲಾಳಿಯನ್ನು ನಿನ್ನ ಅಂಗೈಯಲ್ಲಿ ಇಡುತ್ತೇನೆ. ಬೆರಳಿಗೆ ಅದು ಗುರುತು ಸಿಗುತ್ತದೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀ. ರಾತ್ರಿ, ಕಾಲೇಜಿಗೆಂದು ಊರು ಬಿಟ್ಟಿರುವ ಶ್ರದ್ಧಾಳಿಗೂ ಫೋನು ಮಾಡುತ್ತೇನೆ.

ಇನ್ನು ಒಂದು ಉಳಿದಿದೆ. ಆ ಮಂಗಳವಾರದ ಸಂಜೆ. ಅದನ್ನು ಬಿಟ್ಟು ಓದಿದರೆ ಪೂರ್ತಿ ಓದಿದಂತಾಗುವುದಿಲ್ಲ.

ಹೊತ್ತು ಮುಳುಗುವ ಮೊದಲು ಎಲ್ಲರ ಊಟ ಮುಗಿದಿತ್ತು. ನಿನ್ನ ಅಣ್ಣ ಸಾಣೆಯ ಗಾಲಿಯನ್ನು ಅಂಗಳಕ್ಕೆ ತಂದಿಟ್ಟು ತುಳಿದು ನೋಡುತ್ತಿದ್ದರು. ಅವರ ಕಾಲಿಗೆ ಅದರ ಲಯ ಸಿಗಲಿಲ್ಲ, ಗಾಲಿ ಮತ್ತೆ ಮತ್ತೆ ಉಲ್ಟಾ ತಿರುಗಿತು. ಬಾಜೂ ಮನೆಯ ಸುಶೀಲಾಬಾಯಿ ತನ್ನ ಮೊಂಡಾದ ಇಳಿಗೆ ಹಿಡಿದುಕೊಂಡು ಬಂದು ನಿಂತಿದ್ದಳು. ನೀನು ಒಳಗಿನಿಂದ ಎದ್ದು ಬಂದೆ. "ಸರಿ ಅಣ್ಣಾ," ಎಂದು ಅವರನ್ನು ಬದಿಗೆ ಸರಿಸಿ, ಸ್ಟೂಲು ಎಳೆದುಕೊಂಡು ಕೂತು, ಸೀರೆಯ ನೆರಿಗೆ ಸ್ವಲ್ಪ ಮೇಲೆತ್ತಿ ಪಾದ ಇಟ್ಟೆ. ಗಾಲಿ ಒಂದೇ ಸಮನೆ ತಿರುಗಿತು. ಸದ್ದು ಅದೇ, ನೀನು ಕುಪ್ಪಸ ಹೊಲಿಯುವಾಗ ನಾನು ಅಡುಗೆಮನೆಯಲ್ಲಿ ಕೇಳುತ್ತಿದ್ದ ಸದ್ದು. ಅಣ್ಣ ಇಳಿಗೆಯನ್ನು ಕಲ್ಲಿಗೆ ಹಿಡಿದರು, ಕಿಡಿ ಹಾರಿದವು, ಶ್ರದ್ಧಾ ಚಪ್ಪಾಳೆ ತಟ್ಟಿದಳು. ನಿನ್ನ ಕಣ್ಣು ಕಿಡಿಯ ಕಡೆ ಇರಲಿಲ್ಲ. ಕೈ ಎರಡೂ ಮಡಿಲಲ್ಲಿ ಖಾಲಿ ಬಿದ್ದಿದ್ದವು.

ಸುಶೀಲಾಬಾಯಿ ಇಳಿಗೆಯ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿ, ನನ್ನ ಕಡೆ ತಿರುಗಿ ನಕ್ಕಳು.

"ಪದ್ಮಾನ ಕಾಲ ಹೆಂಗ ಓಡತೈತಿ ನೋಡ್ರಿ ವೈನಿ! ಹುಕ್ಕೇರಿಗ್ಯಾಕ ಹೋಗಬೇಕಿತ್ರಿ ಇಕಿ, ಮನಿ ಅಂಗಳದಾಗ ಕೆಲಸ ಸಿಕ್ತಲ್ಲ. ತಡೀರಿ, ನಾಳೆ ನಮ್ಮ ಕತ್ರೀನೂ ತರ್ತೀನಿ."