ಖಾಲಿ ಬಿಟ್ಟ ಕೋಡಿನ ಚೌಕ

ಹೆಬ್ಬೆರಳಿಗೆ ಹಾಳೆ ತಿರುವುವ ನೀಲಿ ರಬ್ಬರ್ ಟೋಪಿ ಹಾಕಿಕೊಂಡೇ ಬಾಯಾರು ಚಹಾ ಕುಡಿಯುತ್ತಿದ್ದರು. ಬೈಲಹೊಂಗಲದ ಒಂದು ಖಾಸಗಿ ದವಾಖಾನೆ; ಅಲ್ಲಿಯ ಹಿರಿಯ ಹೆಣ್ಣುಮಗಳನ್ನು ಎಲ್ಲರೂ ಬಾಯಾರು ಎಂದೇ ಕರೆಯುತ್ತಿದ್ದರು. ಕಂಪ್ಯೂಟರ್ ಹೊಸದಾಗಿ ಬಂದಿತ್ತು. ಕೇಸ್ ಪೇಪರು ತಿರುವಿ, ದಪ್ಪ ಪುಸ್ತಕ ನೋಡಿ, ಪ್ರತಿ ರೋಗಕ್ಕೂ ಒಂದು ಕೋಡು ಬರೆಯುವುದು ಅವರ ಕೆಲಸ. ಅದನ್ನು ಕಂಪ್ಯೂಟರಿಗೆ ಹೊಡೆಯುವುದು ನನ್ನದು. ಉಳಿದ ಹೊತ್ತು ಡಾಕ್ಟರ ಕೆಮ್ಮು, ನರ್ಸಮ್ಮನ ಸಿಟ್ಟು, ಬಾಯಾರ ಮೂಗಿನ ದನಿ, ಎಲ್ಲ ಅಣಕಿಸುತ್ತಿದ್ದೆ. ಕನ್ನಡಿ ಸಿಕ್ಕರೆ ನನ್ನನ್ನೂ ಬಿಡುತ್ತಿರಲಿಲ್ಲ. ಅದಕ್ಕೇ ಬಾಯಾರು ನನ್ನನ್ನು 'ನಕಲಿ' ಎನ್ನುವರು.

ಮೊಲೆಬಾವಿನ ಪೇಪರು ಬಂದರೆ ಮಾತ್ರ ಬಾಯಾರು ಕೋಡಿನ ಚೌಕ ಖಾಲಿ ಬಿಡುವರು. ಬಸುರಿಯರದು ಪುಸ್ತಕದಲ್ಲಿ ಒಂದು ಪುಟ, ಉಳಿದವರದು ಬೇರೆ ಪುಟ. "ಪೇಪರ್ ಹೇಳಲಿಲ್ಲಂದ್ರ ಹೆಣ್ಮಗಳನ್ನ ಕೇಳಬೇಕೋ" ಎಂದು ಮೆಟ್ಟಿಲು ಹತ್ತಿ ವಾರ್ಡಿಗೆ ಹೋಗುವರು. ಒಂದು ಕೋಡಿಗೆ ಅಷ್ಟು ಮೆಟ್ಟಿಲು! ನಾನು ಹಿಂದಿನಿಂದ ಅವರ ನಡಿಗೆ ನಡೆದು ತೋರಿಸುತ್ತಿದ್ದೆ.

ಒಂದು ಮಧ್ಯಾಹ್ನ ಬಂದದ್ದು ನಮ್ಮಕ್ಕನ ಪೇಪರು. ಡಾಕ್ಟರು ಕೀವು ತೆಗೆದು, ಗುಳಿಗೆ ಕೊಟ್ಟು ಕಳಿಸಿದ್ದರು. "ಬಸುರಿ ಏನು?" ಎಂದು ಅವರು ಕೇಳಿದಾಗ ಅವ್ವನೇ ಮುಂದಾಗಿ "ಇಲ್ರಿ" ಅಂದಿದ್ದಳು. ಪೇಪರಿನಲ್ಲಿ ಅದೇನೂ ಬರೆದಿರಲಿಲ್ಲ. ಮೂರು ತಿಂಗಳು ತುಂಬುವ ತನಕ ಹೊರಗಿನವರ ಮುಂದೆ ಬಾಯಿ ಬಿಡಬಾರದೆಂಬುದು ನಮ್ಮ ಮನೆಯ ಕಟ್ಟು. ಹಿಂದಿನ ವರ್ಷ ಅಕ್ಕನ ಬಸುರು ಇಳಿದುಹೋಗಿತ್ತು. ಅವ್ವನಿಗೆ ದೃಷ್ಟಿಯ ಅಂಜಿಕೆ. ನನ್ನಿಂದಲೂ ಆಣೆ ಹಾಕಿಸಿಕೊಂಡಿದ್ದಳು.

ಬಾಯಾರು ಪೆನ್ಸಿಲ್ ಕೆಳಗಿಟ್ಟರು. "ಏ ನಕಲಿ, ಇಕಿ ನಿಮ್ಮಕ್ಕ ಅಲ್ಲೇನೋ? ಬಸುರಿ ಇದ್ದಾಳೇನು?"

"ನನಗೇನ್ ಗೊತ್ರಿ ಬಾಯಾರ? ಖಾಲಿ ಯಾಕ ಬಿಡತೀರಿ, ಒಂದು ನಂಬರ್ ಬರದು ಒಗೀರಿ!" ಅವರ ಮೂಗಿನ ದನಿಯಲ್ಲೇ ಅಂದೆ.

ಅವರು ನಗಲಿಲ್ಲ. "ಎಲ್ಲಾರ ದನಿ ತಗೀತಿ. ನಿನ್ನ ದನೀಲೆ ಒಂದ್ಸಲ ಖರೆ ಹೇಳು."

ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಎರಡು ತಿಂಗಳ್ರಿ."

ಮುನವಳ್ಳಿ ಬಸ್ಸಿಗೆಂದು ಅಕ್ಕ, ಅವ್ವ ಆಗಲೇ ಹೊರಟಿದ್ದರು. ಬಾಯಾರು ರಬ್ಬರ್ ಟೋಪಿಯಲ್ಲೇ ಸ್ಟ್ಯಾಂಡಿಗೆ ಓಡಿದರು. ಹಿಂದೆ ಓಡಿದ ನಾನು ಕಂಬದ ಮರೆಗೆ ನಿಂತೆ. ಅಕ್ಕ ಬಾಳೆಹಣ್ಣು ತಿಂದು ಮೊದಲ ಗುಳಿಗೆ ಬಿಚ್ಚುತ್ತಿದ್ದಳು. ಬಾಯಾರು ಕೈ ಹಿಡಿದರು. "ತಡಿ ತಂಗಿ, ಇದು ಹೊಟ್ಟ್ಯಾಗಿನ ಕೂಸಿಗೆ ಆಗಿಬರತದೋ ಇಲ್ಲೋ, ಡಾಕ್ಟರನ್ನ ಕೇಳೂಣು."

ಅವ್ವ ಸಿಡುಕಿದಳು. "ನಿಮಗ ಯಾರ ಹೇಳಿದ್ರಿ?"

"ನನ್ನ ಪುಸ್ತಕ" ಅಂದರು ಬಾಯಾರು. ನನ್ನ ಹೆಸರು ಎತ್ತಲೇ ಇಲ್ಲ, ಕೊನೆಯ ತನಕ.

ಅವು ಬಸುರಿಯರಿಗೆ ಕೊಡುವ ಗುಳಿಗೆಗಳಾಗಿರಲಿಲ್ಲ. ಡಾಕ್ಟರು ಹಣೆ ಒರೆಸಿಕೊಂಡು ಬೇರೆ ಬರೆದರು. ಬಾಯಾರು ವಾಪಸು ಬಂದು, ಏದುಸಿರಿನಲ್ಲೇ ಚೌಕ ತುಂಬಿದರು.

ಆ ಕೂಸು ಈಗ ಪಾಟಿಚೀಲ ಹೊತ್ತು ಸಾಲಿಗೆ ಹೋಗುತ್ತಾಳೆ, ನನ್ನನ್ನೇ ಅಣಕಿಸುತ್ತಾಳೆ. ಬಾಯಾರು ತೀರಿಕೊಂಡ ಮೇಲೆ ಕೋಡು ಬರೆಯುವವನು ನಾನೇ. ಮೊಲೆಬಾವಿನ ಪೇಪರು ಬಂದರೆ ಮೆಟ್ಟಿಲು ಹತ್ತಿ, ವಾರ್ಡಿನ ಪರದೆಯ ಈಚೆ ನಿಲ್ಲುತ್ತೇನೆ. ಗಂಡಸು ಕೇಳಿದರೆ ಯಾರು ಹೇಳುತ್ತಾರೆ? ಅದಕ್ಕೆ ಬಾಯಾರ ಮೂಗಿನ ದನಿ ತೆಗೆಯುತ್ತೇನೆ: "ತಂಗಿ, ಎಷ್ಟು ತಿಂಗಳು?"

ಆಚೆ ಮೊದಲು ಕಿಸಕ್ಕನೆ ನಗು. ಆಮೇಲೆ ಉತ್ತರ.