ಚೆಂಡೆ ಕೇಳಿದ್ದಕ್ಕೆ ಬಂದ ಚೆಂಡು

ಈ ಊರಿನ ಶಾಲೆಯಲ್ಲಿ ನನ್ನ ಮೊದಲ ಸೋಮವಾರ. ಬೆಳಿಗ್ಗೆ ಹತ್ತು ಗಂಟೆಗೆ ನಾಲ್ಕನೇ ತರಗತಿಯ ಅಷ್ಟೂ ಮಕ್ಕಳು ಡೆಸ್ಕಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಹಾಜರಿ ಕೂಗಿದರೆ ಉತ್ತರವಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬಳು ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಮೈಸೂರಿನಿಂದ ಹೊರಟು, ಮಡಿಕೇರಿ ಘಟ್ಟ ಇಳಿದು, ಸುಳ್ಯದಲ್ಲಿ ಬಸ್ಸು ಬದಲಿಸಿ, ಕೊನೆಯ ಮೂರು ಮೈಲಿ ನಡೆದು ಬಂದವಳು ನಾನು. ಆ ಕೋಣೆಯಲ್ಲಿ ನಿದ್ದೆ ಮಾಡುವ ಹಕ್ಕು ಯಾರಿಗಾದರೂ ಇದ್ದರೆ ನನಗಿತ್ತು. ಬೆತ್ತದಿಂದ ಮೇಜು ಬಡಿದು, "ಏನ್ರೋ ಇದು, ರಾತ್ರಿಯೆಲ್ಲ ಏನ್ ಮಾಡ್ತಿದ್ರಿ?" ಎಂದೆ.

"ಆಟ ಟೀಚರೆ," ಎಂದಿತು ಮುಂದಿನ ಸಾಲು.

"ರಾತ್ರಿ ಆಟವಾ? ಎಷ್ಟು ಹೊತ್ತಿನ ತನಕ?"

"ಬೆಳಗಿನವರೆಗೆ."

"ಮನೇಲಿ ದೊಡ್ಡೋರು ಯಾರೂ ಬಯ್ಯಲಿಲ್ವಾ?"

"ಅವರೂ ಬಂದಿದ್ರು ಟೀಚರೆ. ಹೆಡ್‌ಮಾಷ್ಟ್ರೂ ಇದ್ರು."

ಪಂಚೆ ಎತ್ತಿ ಕಟ್ಟಿದ ಹೆಡ್‌ಮಾಸ್ತರರು ಕತ್ತಲಲ್ಲಿ ಮಕ್ಕಳ ಜೊತೆ ಕಣ್ಣಾಮುಚ್ಚಾಲೆ ಆಡುವುದನ್ನು ಊಹಿಸಿಕೊಂಡು ನಾನು ಗಾಬರಿಯಾದೆ. ಎಂಥ ಊರಿಗೆ ಬಂದು ಬಿದ್ದೆನಪ್ಪಾ ಎಂದು ಸಂಜೆ ದೇವಕಿಯಕ್ಕನ ಹತ್ತಿರ ದೂರು ಹೇಳಿದೆ. ದೇವಕಿಯಕ್ಕ ನನಗೆ ಕೋಣೆ ಬಾಡಿಗೆಗೆ ಕೊಟ್ಟವರು, ಗದ್ದೆ ಬೇಸಾಯದ ತುಳು ಮನೆತನದ ಹೆಂಗಸು. ಅವರು ಭತ್ತ ಕೇರುವುದನ್ನು ಬಿಟ್ಟು, ಮೊರ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ಆಟ ಅಂದ್ರೆ ಯಕ್ಷಗಾನ, ಮಾರಾಯ್ತಿ. ನಿಮ್ಮ ಗಟ್ಟದ ಮೇಲೆ ಅದೂ ಇಲ್ವಾ?"

ಮೈಸೂರಿನ ಓದುಗರೇ, ನೀವೇ ಹೇಳಿ. ನಮ್ಮಲ್ಲಿ ಆಟವೆಂದರೆ ಬುಗುರಿ, ಚಿನ್ನಿದಾಂಡು. ಹೆಚ್ಚೆಂದರೆ ಟಾಕೀಸಿನ ಮೊದಲನೇ ಆಟ, ಎರಡನೇ ಆಟ. ಇಲ್ಲಿ ಆ ಎರಡಕ್ಷರಕ್ಕೆ ಕಿರೀಟವಿದೆ, ಗೆಜ್ಜೆಯಿದೆ, ರಾವಣನಿದ್ದಾನೆ. ಒಂದೇ ಕನ್ನಡವೆಂದು ನಂಬಿ ಬಂದವಳಿಗೆ ಮೊದಲ ದಿನವೇ ಆ ನಂಬಿಕೆ ಹೋಯಿತು.

ನಾನು ಬಂದದ್ದು ರಾಜ್ಯಗಳನ್ನು ಹೊಸದಾಗಿ ವಿಂಗಡಿಸಿದ ಮರು ಸಂಕ್ರಾಂತಿಗೆ. ಕಾಸರಗೋಡು ಆಗಷ್ಟೇ ಕೇರಳಕ್ಕೆ ಸೇರಿತ್ತು. ದೇಲಂಪಾಡಿಯ ಕಡೆಯ ಈ ಹಳ್ಳಿಯ ಶಾಲೆಗೆ ಕನ್ನಡದ ಟೀಚರು ಬೇಕೆಂದು ಪರಿಚಯದವರೊಬ್ಬರು ಹೇಳಿದ್ದರು. ಅಪ್ಪ ಒಲ್ಲೆ ಅಂದರೂ ಹಟ ಹಿಡಿದು ಬಂದೆ. ಮನೆಯಲ್ಲಿ ಮೂವರು ತಂಗಿಯರ ನಡುವೆ ಹೊರಳಲು ಜಾಗವಿಲ್ಲದೆ ಮಲಗುತ್ತಿದ್ದವಳಿಗೆ ಇಲ್ಲಿ ಒಂದು ಇಡೀ ಕೋಣೆ ಸಿಕ್ಕಿತು. ಮೊದಲ ವಾರ ಅದು ರಾಜಭೋಗ ಅನ್ನಿಸಿತು, ಎರಡನೇ ವಾರ ಸೆರೆಮನೆ ಅನ್ನಿಸಿತು. ಕೆಂಪು ಕುಚ್ಚಲಕ್ಕಿಯ ಗಂಜಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಗ್ಗರಣೆಗೂ ತೆಂಗಿನೆಣ್ಣೆ, ತಲೆಗೂ ತೆಂಗಿನೆಣ್ಣೆ. ಸುತ್ತಮುತ್ತ ತುಳು, ಅಂಗಡಿಯಲ್ಲಿ ಮಲಯಾಳ. ನನ್ನ ಜೊತೆ ಕನ್ನಡ ಮಾತಾಡುವಾಗ ಮಾತ್ರ ಒಂದೊಂದು ಅಕ್ಷರವನ್ನೂ ಪೂರ್ತಿ ಉಚ್ಚರಿಸುತ್ತಾರೆ. ನಾವು ಮೈಸೂರಿನವರು ಅರ್ಧ ಪದ ನುಂಗಿಯೇ ಮಾತಾಡುವವರೆಂದು ನನಗೆ ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಮೂರು ತಿಂಗಳಲ್ಲಿ ನನ್ನ ಹೆಸರೇ ಮಾಯವಾಗಿ ನಾನು 'ಗಟ್ಟದ ಟೀಚರು' ಆದೆ.

ತರಗತಿಯಲ್ಲಿ ನನ್ನ ಪಾಡು ಇನ್ನೂ ಕಷ್ಟ. ಮಕ್ಕಳು ಪಾಠ ಓದುತ್ತಿದ್ದರು, ಬರೆಯುತ್ತಿದ್ದರು, ಆದರೆ ನಾಲ್ಕು ಮಾತು ಸ್ವಂತವಾಗಿ ಆಡಿ ಎಂದರೆ ನೆಲ ನೋಡುತ್ತಿದ್ದರು. ಯಾರ ಮನೆಯಲ್ಲೂ ಕನ್ನಡವಿಲ್ಲ. ನಾನು ಗದರಿದೆ, ಬೆಲ್ಲ ಕೊಟ್ಟೆ, ಏನೂ ನಡೆಯಲಿಲ್ಲ.

ಮಳೆಗಾಲ ಶುರುವಾದ ಮೇಲೆ ಒಂದು ಭಾನುವಾರ ಶಾಲೆಯ ಕಡೆಯಿಂದ ಚೆಂಡೆಯ ಸದ್ದು ಕೇಳಿ ಹೋಗಿ ಇಣುಕಿದೆ. ಐತಪ್ಪಣ್ಣ ಮಕ್ಕಳಿಗೆ ಆಟದ ಹೆಜ್ಜೆ ಕಲಿಸುತ್ತಿದ್ದರು. ಆರು ತಿಂಗಳು ಮೇಳದ ಜೊತೆ ತಿರುಗಿ, ಮಳೆಗಾಲದಲ್ಲಿ ಊರಿಗೆ ಬಂದು ಕೂಲಿ ಮಾಡುವ ಕಲಾವಿದ ಅವರು. ಐವತ್ತರ ಆಸುಪಾಸು, ಸೊಂಟ ಹಿಡಿದುಕೊಂಡು ಏಳುವವರು, ಕುಣಿಯುವಾಗ ಮಾತ್ರ ಆ ನೋವು ಎಲ್ಲಿ ಹೋಗುತ್ತಿತ್ತೋ. ಆಟದಲ್ಲಿ ಪದ್ಯ ಮುಗಿದ ಮೇಲೆ ವೇಷಧಾರಿ ಅಲ್ಲೇ ಮಾತು ಕಟ್ಟಿ ಆಡಬೇಕು. ಅದಕ್ಕೆ ಇಲ್ಲಿ ಅರ್ಥ ಹೇಳುವುದು ಎನ್ನುತ್ತಾರೆ. ನನ್ನ ತರಗತಿಯಲ್ಲಿ ಆರು ತಿಂಗಳು ಬಾಯಿ ಬಿಡದ, ಗೊರಕೆಯ ಅದೇ ಹುಡುಗಿ, ಲವನಾಗಿ ನಿಂತು, ಯಾಕೆ ಕುದುರೆ ಕಟ್ಟಿದೆ ಎಂದು ಕೇಳಿದವನಿಗೆ ಅಚ್ಚ ಕನ್ನಡದಲ್ಲಿ ಏಳೆಂಟು ವಾಕ್ಯ ಬಾರಿಸಿದಳು. ಒಂದು ತಪ್ಪಿಲ್ಲ. ಒಂದು ಇಂಗ್ಲಿಷ್ ಪದವಿಲ್ಲ. ನಾನು ಬಾಗಿಲಲ್ಲಿ ನಿಂತು ಹೊಟ್ಟೆಕಿಚ್ಚು ಪಟ್ಟೆ ಎಂದು ಒಪ್ಪಿಕೊಳ್ಳುತ್ತೇನೆ. ಅಂದಿನಿಂದ ಒಂದು ಭಾನುವಾರವೂ ತಪ್ಪಿಸಲಿಲ್ಲ.

ಆದರೆ ಆ ಭಾನುವಾರದ ತರಗತಿ ಉಳಿಯುವ ಲಕ್ಷಣವಿರಲಿಲ್ಲ. ಬರುವ ದೀಪಾವಳಿಯಿಂದ ಐತಪ್ಪಣ್ಣನನ್ನು ಮಂಗಳೂರಿನ ಆಚೆಯ ಮೇಳವೊಂದು ಪೂರ್ತಿ ವರ್ಷಕ್ಕೆ ಕರೆದಿತ್ತು. ಮಳೆಗಾಲದಲ್ಲೂ ಅವರು ಅಲ್ಲೇ ಇದ್ದು ಮಾಲಕರ ಕೆಲಸ ನೋಡಬೇಕು. ಚೆಂಡೆಯ ಚರ್ಮವೂ ಹರಿದಿತ್ತು. ತಿಂಗಳಿಗೆ ಇಷ್ಟೆಂದು ಪಂಚಾಯತಿನಿಂದ ಸಹಾಯಧನ ಸಿಕ್ಕಿದರೆ ಊರಲ್ಲೇ ನಿಲ್ಲುತ್ತೇನೆಂದು ಅವರು ಹೇಳಿದರು. ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು, ಅಕ್ಷರ ಚಂದವೆಂದು.

ಇಲ್ಲಿ ನನ್ನ ಜಾಣತನ ಕೇಳಿ. ಇಷ್ಟು ದಿನ ಗಟ್ಟದವಳು ಎನ್ನಿಸಿಕೊಂಡವಳು, ಈಗ ಊರಿನ ಮಾತು ಬಂತೆಂದು ತೋರಿಸಬೇಡವೇ? ಯಕ್ಷಗಾನ ಎಂಬ ಪದವನ್ನು ಬೇಕೆಂದೇ ಬಿಟ್ಟು, 'ನಮ್ಮ ಮಕ್ಕಳಿಗೆ ಆಟ ಕಲಿಸುವ ಗುರುಗಳ ಸಂಭಾವನೆಗಾಗಿ ಮತ್ತು ಆಟದ ಸಲಕರಣೆಗಾಗಿ' ಎಂದು ದುಂಡಗೆ ಬರೆದೆ. ಕಚೇರಿಯ ಗುಮಾಸ್ತರು ತಳಿಪರಂಬದ ಕಡೆಯಿಂದ ಹೊಸದಾಗಿ ಬಂದ ನಂಬಿಯಾರರು. "ಅಪೇಕ್ಷೆ ಉಂಟಾ?" ಎಂದು ಕೇಳಿದರು. ತುಂಬಾ ಉಂಟು, ಇಲ್ಲದಿದ್ದರೆ ಇಷ್ಟು ದೂರ ಬರುತ್ತಿದ್ದೆನೇ ಎಂದೆ. ಮಲಯಾಳದಲ್ಲಿ ಅಪೇಕ್ಷೆ ಎಂದರೆ ಅರ್ಜಿ ಎಂದು ಅವರು ಕೈ ಚಾಚಿದಾಗ ಗೊತ್ತಾಯಿತು. ಅವರು ಯಾರನ್ನೋ ಕೇಳಿ, ನಿಘಂಟು ನೋಡಿ, ಅದನ್ನು ಮಲಯಾಳಕ್ಕೆ ಇಳಿಸಿದರು.

ತಿಂಗಳ ಮೇಲೆ ಶಾಲೆಗೆ ಒಂದು ಗೋಣಿಚೀಲ ಬಂತು. ಒಳಗೆ ಒಂದು ಫುಟ್‌ಬಾಲ್, ಗಾಳಿ ಹಾಕುವ ಪಂಪು, ಒಂದು ಸೀಟಿ. ಮಕ್ಕಳು ಹುಯ್ಯೆಂದು ಅಂಗಳಕ್ಕೆ ಓಡಿದರು. ಐತಪ್ಪಣ್ಣ ಸೀಟಿಯನ್ನು ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ಟರು.

"ಒಳ್ಳೇದುಂಟು ಟೀಚರೆ. ನಾವು ಕೇಳಿದ್ದು ಚೆಂಡೆ. ಅವರು ಚೆಂಡು ಕೊಟ್ಟಿದ್ದಾರೆ."

ಅವರು ಬಯ್ದಿದ್ದರೆ ವಾಸಿಯಿತ್ತು. "ನಾನು ಮೇಳಕ್ಕೆ ಬರ್ತೇನೆ ಅಂತ ಹೇಳಿ ಕಳಿಸ್ತೇನೆ ಆಗದಾ?" ಎಂದು ಮೆಲ್ಲಗೆ ಕೇಳಿದರು. ಪಂಚಾಯತು ಸಭೆ ಆಗುವವರೆಗೆ ತಡೆಯಿರಿ ಎಂದು ನಾನು ಹೆಚ್ಚುಕಡಿಮೆ ಅಪ್ಪಣೆಯನ್ನೇ ಮಾಡಿದೆ. ತಪ್ಪು ನನ್ನದು, ಸರಿ ಮಾಡುವವಳೂ ನಾನೇ.

ಅದೇ ವಾರ ಅಪ್ಪನ ಕಾಗದ ಬಂತು. ಮೈಸೂರಿನಲ್ಲಿ, ಮನೆಯಿಂದ ಹತ್ತು ನಿಮಿಷದ ಹಾದಿಯ ಶಾಲೆಯಲ್ಲಿ ನನಗೆ ಕೆಲಸ ಗೊತ್ತುಮಾಡಿದ್ದಾರಂತೆ. ದಸರೆ ರಜ ಮುಗಿದ ಕೂಡಲೇ ಸೇರಿಕೊಳ್ಳಬೇಕಂತೆ. ಓದಿದಾಗ ನನ್ನ ಬಾಯಲ್ಲಿ ನಮ್ಮ ಮನೆಯ ಹುಳಿಯ ರುಚಿ ಬಂದದ್ದು ಸುಳ್ಳಲ್ಲ. ಆ ಕಾಗದವನ್ನು ಮಡಚಿ ಚೀಲದಲ್ಲಿಟ್ಟುಕೊಂಡೇ ಸಭೆಗೆ ಹೋದೆ.

ಪಂಚಾಯತು ಕಚೇರಿಗೆ ಹೆಂಗಸರು ಹೋಗುವ ರೂಢಿ ಇರಲಿಲ್ಲ. ಒಬ್ಬಳೇ ಹೋಗಬೇಡಿ ಎಂದು ದೇವಕಿಯಕ್ಕ ಒಗೆದ ಸೀರೆ ಉಟ್ಟು ಜೊತೆಗೆ ಬಂದು ಜಗಲಿಯ ಕಂಬಕ್ಕೆ ಒರಗಿ ನಿಂತರು. ಒಳಗೆ ಪ್ರೆಸಿಡೆಂಟರು, ಐದಾರು ಮೆಂಬರರು, ಮೂಲೆಯ ಮೇಜಿನಲ್ಲಿ ನಂಬಿಯಾರರು. ನಾನು ನಡೆದದ್ದನ್ನು ಹೇಳಿದೆ, ಪದ ಆರಿಸಿದ ತಪ್ಪು ನನ್ನದೆಂದು ಮೊದಲೇ ಒಪ್ಪಿಕೊಂಡೆ.

"ಆದದ್ದು ಆಯಿತು," ಎಂದರು ಪ್ರೆಸಿಡೆಂಟರು. "ಆಟಕ್ಕೆ ದೇವಸ್ಥಾನದವರು ಕೊಡ್ತಾರೆ, ದೊಡ್ಡ ಮನೆಯವರು ಕೊಡ್ತಾರೆ. ಪಂಚಾಯತು ಎಂತಕ್ಕೆ ಕೊಡುವುದು?"

"ಆಡಿಸಲಿಕ್ಕೆ ಅವರು ಕೊಡ್ತಾರೆ ಸ್ವಾಮಿ. ಕಲಿಸಲಿಕ್ಕೆ ಯಾರು ಕೊಡ್ತಾರೆ?"

ಒಬ್ಬ ಮೆಂಬರರು ಎದ್ದರು. "ತೋಡಿಗೆ ಒಂದು ಸಂಕ ಇಲ್ಲ. ಮಳೆಗಾಲದಲ್ಲಿ ಮಕ್ಕಳು ದಾಟುವುದು ಹೇಗೆ ಅಂತ ಟೀಚರಿಗೆ ಗೊತ್ತುಂಟಾ?"

ತೋಡೆಂದರೆ ಹಳ್ಳ, ಸಂಕವೆಂದರೆ ಕಾಲುಸೇತುವೆ. ಅವರು ಹೇಳಿದ್ದು ನ್ಯಾಯವೇ. "ಗೊತ್ತಿದೆ," ಎಂದೆ. "ಆಷಾಢದಲ್ಲಿ ಅವರ ಕೈ ಹಿಡಿದು ದಾಟಿಸಿದವಳು ನಾನೇ. ಸಂಕದ ದುಡ್ಡು ನಾನು ಕೇಳ್ತಿಲ್ಲ. ಆಟಕ್ಕೆ ಅಂತ ತೆಗೆದಿಟ್ಟದ್ದರಲ್ಲಿ ಚೆಂಡು ಕೊಂಡು ಮಿಕ್ಕದ್ದನ್ನ ಆಟಕ್ಕೆ ಕೊಡಿ ಅಂತೀನಿ. ನನ್ನ ಕ್ಲಾಸಿನಲ್ಲಿ ಬಾಯಿ ಬಿಡದ ಮಕ್ಕಳು ಐತಪ್ಪಣ್ಣನ ಮುಂದೆ ಮಾತಾಡ್ತಾರೆ. ಇಂಥ ಮೇಷ್ಟ್ರು ಟ್ರೈನಿಂಗ್ ಸ್ಕೂಲಿನಲ್ಲಿ ತಯಾರಾಗಲ್ಲ. ದೀಪಾವಳಿಗೆ ಅವರು ಹೊರಟರೆ ಮತ್ತೆ ಸಿಗಲ್ಲ."

"ಆ ಹಣ ಕಾಯಿಕದ ತಲೆಬರಹದಲ್ಲಿ ಮಂಜೂರಾದದ್ದು. ಬದಲಿಸಲಿಕ್ಕೆ ಬರುವುದಿಲ್ಲ," ಎಂದರು ಪ್ರೆಸಿಡೆಂಟರು. ಕಾಯಿಕವೆಂದರೆ ಮಲಯಾಳದಲ್ಲಿ ಕ್ರೀಡೆ.

ನಾನು ನಂಬಿಯಾರರ ಕಡೆ ತಿರುಗಿದೆ. "ನಿಮ್ಮೂರಿನ ದೇವಸ್ಥಾನದಲ್ಲಿ ವೇಷ ಕಟ್ಟಿ ಕುಣಿಯೋದಕ್ಕೆ ಏನಂತೀರಿ?"

"ಕಥಕಳಿ. ನಾವು ಬರೀ ಕಳಿ ಅಂತ ಹೇಳುವುದು."

"ಮಕ್ಕಳು ಚೆಂಡು ಒದೆಯೋದಕ್ಕೆ?"

"ಅದೂ ಕಳಿ," ಎಂದವರು ಪೆನ್ನು ಕೆಳಗಿಟ್ಟರು. "ಇದು ಆ ಕಳಿಯಾ? ನನಗೆ ಯಾರೂ ಹೇಳಲಿಲ್ಲವಲ್ಲ," ಎಂದು ದಪ್ಪ ಪುಸ್ತಕ ತೆಗೆದು ಬೆರಳಿಟ್ಟು ಹುಡುಕಿದರು. ತಲೆಬರಹ ಪೂರ್ತಿಯಾಗಿ 'ಕಲಾ ಕಾಯಿಕ' ಎಂದಿತ್ತು. ಕಲೆಗೂ ಕ್ರೀಡೆಗೂ ಸೇರಿಸಿ ಒಂದೇ ಬಾಬ್ತು. ಅಷ್ಟು ದಿನ ಅದರ ಎರಡನೇ ಅರ್ಧವನ್ನು ಮಾತ್ರ ಎಲ್ಲರೂ ಓದಿದ್ದರು. ಬದಲಿಸುವ ಅಗತ್ಯವೇ ಇಲ್ಲ, ಮಿಕ್ಕ ಹಣವನ್ನು ಹೀಗೇ ಕೊಡಬಹುದು ಎಂದರು ನಂಬಿಯಾರರು.

"ಹಾಗಾದ್ರೆ ಚೆಂಡು ವಾಪಸು ಕೊಡ್ತೀರಾ?" ಎಂದರು ಸಂಕದ ಮೆಂಬರರು.

"ಅದು ಮಾತ್ರ ಆಗಲ್ಲ. ಮಕ್ಕಳು ನನ್ನನ್ನ ಊರು ಬಿಡಿಸ್ತಾರೆ."

ಅವರೂ ನಕ್ಕರು. ಪ್ರೆಸಿಡೆಂಟರು ನಗಲಿಲ್ಲ. "ಟೀಚರೆ, ಒಂದು ಮಾತು. ನೀವು ಮೈಸೂರಿನವರು. ಇವತ್ತು ಬಂದು ಕೇಳ್ತೀರಿ, ನಾಳೆ ಗಟ್ಟ ಹತ್ತಿ ಹೋಗ್ತೀರಿ. ತರಗತಿ ನಡೀತದೋ ಇಲ್ವೋ ಅಂತ ನಾವು ಯಾರನ್ನು ಕೇಳುವುದು? ಎರಡು ವರ್ಷ ತಿಂಗಳು ತಿಂಗಳು ನೀವೇ ವರದಿ ಬರೆದು ಸಹಿ ಹಾಕ್ತೀರಾದ್ರೆ ಕೊಡುವ. ಇಲ್ಲಾಂದ್ರೆ ಇಲ್ಲ."

ಚೀಲದಲ್ಲಿದ್ದ ಕಾಗದ ನನಗೊಬ್ಬಳಿಗೇ ಗೊತ್ತಿತ್ತು. ಮನೆಯ ಹಜಾರ, ಅಮ್ಮ, ತಂಗಿಯರ ಜಗಳ ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಯೋಚಿಸಿ ಹೇಳುತ್ತೇನೆ ಎಂದಿದ್ದರೆ ಅವರು ಅದನ್ನೇ ಉತ್ತರವೆಂದು ತಿಳಿಯುತ್ತಿದ್ದರು. "ಹಾಕ್ತೀನಿ," ಎಂದೆ. ನಂಬಿಯಾರರು ಕಾಗದ ಮುಂದೆ ಇಟ್ಟರು. ಸಹಿ ಮಾಡಿದೆ.

ಹಿಂದಿರುಗುವಾಗ ದೇವಕಿಯಕ್ಕ ಗದ್ದೆಯ ಬದುವಿನ ಮೇಲೆ ನಿಂತರು. "ಊರಿಗೆ ಹೋಗಬೇಕು ಅಂತ ಉಂಟಲ್ಲ ನಿಮಗೆ?"

"ಉಂಟು."

"ಮತ್ತೆ ಎಂತಕ್ಕೆ ಸಹಿ ಹಾಕಿದ್ದು?"

"ಇರಬೇಕು ಅಂತಲೂ ಉಂಟು," ಎಂದೆ. ಅವರು ನನ್ನ ಚೀಲವನ್ನು ತಮ್ಮ ಹೆಗಲಿಗೆ ಹಾಕಿಕೊಂಡರು.

ಐತಪ್ಪಣ್ಣ ದೀಪಾವಳಿಗೆ ಹೊರಡಲಿಲ್ಲ. ಹೊಸ ಚೆಂಡೆ ಬಂತು. ನಾನು ಅಪ್ಪನಿಗೆ ಉದ್ದದ ಕಾಗದ ಬರೆದೆ, ಬಯ್ಗಳ ತಿನ್ನಲು ತಯಾರಾಗಿ ಕಾದೆ. ಬಂದ ಉತ್ತರದಲ್ಲಿ ಬಯ್ಗಳವಿರಲಿಲ್ಲ. ನನ್ನ ಜಾಗದಲ್ಲಿ ಈಗ ಕಿರಿಯವಳು ಮಲಗುತ್ತಾಳೆಂದೂ, ನನ್ನ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದ್ದಾರೆಂದೂ, ನಾನು ಬೇಸಿಗೆ ರಜಕ್ಕೆ ಬಂದಾಗ ಹಜಾರದಲ್ಲಿ ಹಾಸಿಕೊಡುತ್ತಾರೆಂದೂ ಅಪ್ಪ ಬರೆದಿದ್ದರು. ನಮ್ಮ ಮನೆಯಲ್ಲಿ ಹಜಾರದಲ್ಲಿ ಹಾಸುವುದು ಬಂದ ನೆಂಟರಿಗೆ. ಆ ಸಾಲು ಓದಿ ಅತ್ತುಬಿಟ್ಟೆ. ಹೊರಗೆ ಯಾರೋ ಕೂಗಿದರು, ಗಟ್ಟದ ಟೀಚರು ಇದ್ದಾರಾ ಎಂದು. ಮುಖ ತೊಳೆದುಕೊಂಡು ಹೋದೆ. ಆ ತಿಂಗಳ ವರದಿಗೆ ಸಹಿ ಬೇಕಿತ್ತು.