ಕಲ್ಲು ಹೊದ್ದ ನೆಲ

ಕಾನಹೊಸಹಳ್ಳಿಗೆ ಬಂದ ಮೊದಲ ಬೆಳಿಗ್ಗೆ ಹಿತ್ತಲ ಬಾಗಿಲು ತೆರೆದರೆ ಎದುರಿನ ಹೊಲವೆಲ್ಲ ಕಲ್ಲು. ಮುಷ್ಟಿಯಷ್ಟು, ನಿಂಬೆಯಷ್ಟು, ಹುಣಸೆಬೀಜದಷ್ಟು. ಕೆಂಪು ನೆಲವೇ ಕಾಣದಷ್ಟು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ನಿದ್ದೆಗಣ್ಣಿನಲ್ಲಿ ತಿರುಗುತ್ತಿದ್ದವು. ಮಂಡ್ಯದ ನಾಲೆ ಬಯಲಿನಲ್ಲಿ ಬೆಳೆದ ನನಗೆ ಹೊಲಗದ್ದೆಯೆಂದರೆ ಕಾಲು ಹೂತುಹೋಗುವ ಕೆಸರು. ಇದ್ಯಾವ ಲೋಕದ ಶಾಲೆಗೆ ನನ್ನನ್ನು ಟೀಚರಾಗಿ ಹಾಕಿದರಪ್ಪ ಎಂದು ಬಾಗಿಲು ಮುಚ್ಚಿಕೊಂಡೆ.

ಬಾಡಿಗೆ ಮನೆಯ ಒಡತಿ ಹನುಮಕ್ಕ, ನನಗಿಂತ ಇಪ್ಪತ್ತು ವರ್ಷ ಹಿರಿಯರು. ಜೋಳದ ರೊಟ್ಟಿ ಬಡಿಯಲು ಕಲಿಸಿದರು. ನನ್ನ ರೊಟ್ಟಿ ಹಂಚು ಮುಟ್ಟುವ ಮೊದಲೇ ಹರಿಯುತ್ತಿತ್ತು. ಪಾಪ, ಅದನ್ನೂ ಹೊಗಳಿ ತಿನ್ನುತ್ತಿದ್ದರು. ಸಂಜೆ ನಾನು ಒಬ್ಬಳೇ ಮಂಕಾಗಿ ಕೂರುವುದನ್ನು ಕಂಡು ಒಂದು ದಿನ ಹಿತ್ತಲಾಚೆಯ ಅರ್ಧ ಎಕರೆ ತೋರಿಸಿದರು.

"ಸುಮ್ನ ಕುಂದ್ರಬ್ಯಾಡ್ರಿ ಟೀಚರಮ್ಮ, ನವಣಿ ಬಿತ್ರಿ. ಸರ್ಕಾರಿ ಗೊಬ್ಬರ ಮಾತ್ರ ಹಾಕಬ್ಯಾಡ್ರಿ."

ಅಂಗಡಿಯಿಂದ ಚೀಲದಲ್ಲಿ ಬರುವ ರಾಸಾಯನಿಕ ಗೊಬ್ಬರಕ್ಕೆ ಇಲ್ಲಿ ಆ ಹೆಸರು.

ಆ ಬೇಸಿಗೆ ಅವರು ಮಗಳ ಬಾಣಂತನಕ್ಕೆ ಕೊಟ್ಟೂರಿಗೆ ಹೋದರು. ಬರುವಷ್ಟರಲ್ಲಿ ಹೊಲ ಚೊಕ್ಕ ಮಾಡಿ ಅವರನ್ನು ಬೆರಗುಗೊಳಿಸಬೇಕೆಂದು ಆಳು ಹಚ್ಚಿ, ಕಲ್ಲನ್ನೆಲ್ಲ ಆರಿಸಿ ಬದುವಿನಲ್ಲಿ ಗುಡ್ಡೆ ಹಾಕಿಸಿದೆ. ನಯವಾದ ಕೆಂಪು ನೆಲ ನೋಡಿ ನಮ್ಮ ಗದ್ದೆ ನೆನಪಾಗಿ ಕಣ್ಣು ತುಂಬಿತು. ನವಣೆ ಬಿತ್ತಿದೆ. ಮೊದಲ ದೊಡ್ಡ ಮಳೆಗೆ ಮೇಲ್ಮಣ್ಣು ಕೆಂಪು ನೀರಾಗಿ ಹಳ್ಳ ಸೇರಿತು. ಉಳಿದದ್ದು ಎರಡು ದಿನದ ಬಿಸಿಲಿಗೆ ಹಕ್ಕಳೆಗಟ್ಟಿ, ಒಂದು ಮೊಳಕೆಯೂ ಮೇಲೇಳಲಿಲ್ಲ.

ವಾಪಸ್ ಬಂದ ಹನುಮಕ್ಕ ಕಲ್ಲಿನ ಗುಡ್ಡೆಯ ಪಕ್ಕ ಕುಸಿದು ಕುಳಿತರು.

"ನೆಲದ ಮೈಮ್ಯಾಗಿನ ಬಟ್ಟಿ ಬಿಚ್ಚಿಬಿಟ್ರಲ್ಲ ಟೀಚರಮ್ಮ."

"ಕಲ್ಲಿದ್ರೆ ಬೆಳೆ ಹೆಂಗೆ ಬರುತ್ತೆ ಅಂತ..." ಎಂದೆ.

ಅವರು ಪಕ್ಕದ ಹೊಲದಲ್ಲಿ ಒಂದು ಕಲ್ಲು ಮಗುಚಿ, ನನ್ನ ಕೈಯನ್ನು ಅದರಡಿಯ ಮಣ್ಣಿಗೆ ಒತ್ತಿದರು. ಮಟಮಟ ಮಧ್ಯಾಹ್ನದಲ್ಲೂ ತಣ್ಣಗಿತ್ತು. ನಮ್ಮಲ್ಲಿ ನೀರು ನಾಲೆಯಲ್ಲಿ ಸದ್ದು ಮಾಡುತ್ತಾ ಬರುತ್ತದೆ. ಇಲ್ಲಿ ಕಲ್ಲಿನ ಕೆಳಗೆ ಅಡಗಿ ಕುಳಿತಿರುತ್ತದೆ. ನಾಚಿಕೆಯಿಂದ ಸತ್ತುಹೋದಂತಾಗಿ, ವರ್ಗಾವಣೆ ಕೇಳಿ ಊರಿಗೆ ಹೋಗಿಬಿಡುತ್ತೇನೆಂದೆ.

"ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಕೆಡಿಸಿ ಹೋಗಬ್ಯಾಡ್ರಿ, ಸರಿ ಮಾಡಿ ಹೋಗ್ರಿ. ನಮ್ಮತ್ತಿ ಜ್ವಾಕಿ ಮಾಡಿದ ನೆಲ ಇದು."

ಶಾಲೆ ಮುಗಿದ ಮೇಲೆ ಇಬ್ಬರೂ ಬುಟ್ಟಿಬುಟ್ಟಿ ಕಲ್ಲು ಹೊತ್ತು ಮತ್ತೆ ಹರಡಿದೆವು. ಚಳಿಗಾಲದಲ್ಲಿ ಹನುಮಕ್ಕ ಕುರಿ ತರುಬಿಸಿದರು. ಎಂದರೆ, ಕುರಿಗಾರರ ಮಂದೆಯನ್ನು ರಾತ್ರಿ ಹೊಲದಲ್ಲೇ ತಂಗಿಸಿ, ಹಿಕ್ಕೆ ಗಂಜಲ ನೆಲಕ್ಕೇ ಬೀಳುವಂತೆ ಮಾಡುವುದು. ಬೆಳಿಗ್ಗೆ ಎದ್ದರೆ ಹೊಲದ ತುಂಬ ಮಂಜು, ಉಣ್ಣೆಯ ವಾಸನೆ. ಮಂಜು ಯಾವುದು, ಕುರಿಯ ಬೆನ್ನು ಯಾವುದು ತಿಳಿಯದೆ ಕಾಫಿ ಲೋಟ ಹಿಡಿದು ಹಾಗೇ ನಿಂತಿರುತ್ತಿದ್ದೆ, ಕಾಫಿ ಆರಿಹೋಗುತ್ತಿತ್ತು. ಈ ಊರು ನನಗೆ ಚಂದ ಕಂಡದ್ದು ಆಗಲೇ.

ಈ ಮುಂಗಾರಿನಲ್ಲಿ ನವಣೆ ಕಲ್ಲಿನ ಸಂದಿಗಳಿಂದ ತಲೆಯೆತ್ತಿತು. ಅದೇ ವಾರ, ನಾನು ಕೇಳಿದ್ದ ವರ್ಗಾವಣೆಯ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಒಪ್ಪುವುದು ಬಿಡುವುದು ನನಗೇ ಬಿಟ್ಟದ್ದು. ಅಣ್ಣ ಫೋನಿನಲ್ಲಿ, "ನಾಲೆಗೆ ನೀರ್ ಬುಟ್ಟವ್ರೆ, ಬಂದ್ಬುಡು ಕಣವ್ವ" ಎಂದ. ಆ ನೀರಿನ ಸದ್ದು ಕಿವಿ ತುಂಬಿ, ಆ ಕ್ಷಣವೇ ಬಸ್ಸು ಹತ್ತುವ ಆಸೆಯಾಯಿತು.

ಹನುಮಕ್ಕ ಪೈರು ಸವರುತ್ತಾ, "ನೆಲ ಚಲೋ ಆತು ನೋಡ್ರಿ. ಇನ್ನ ನೀವು ಹೋಗಬೌದು" ಎಂದರು.

ಒಂದು ವರ್ಷ ಕಾದಿದ್ದ ಮಾತು. ಕೇಳಿದಾಗ ಸಂತೋಷವಾಗಲಿಲ್ಲ.

"ಆ ಮೂಲೆಗೆ ಇನ್ನೂ ನಾಲ್ಕು ಬುಟ್ಟಿ ಕಲ್ಲು ಬೇಕು ಹನುಮಕ್ಕ" ಎಂದೆ. ಬೇಕಿರಲಿಲ್ಲ. ಬದುವಿನ ಗುಡ್ಡೆ ಖಾಲಿಯಾಗಿ ತಿಂಗಳುಗಳೇ ಕಳೆದಿದ್ದವು.

ಅವರು ಮೂಲೆಯನ್ನು ನೋಡಿದರು, ನನ್ನನ್ನು ನೋಡಿದರು.

"ಹೌದ್ರಿ, ಅಲ್ಲಿ ತೆಳ್ಳಗೈತಿ" ಎಂದು ಖಾಲಿ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟರು.